ಮನೆಗೇ ಬಂದ ಗೋದಾಮು

ತೊಳೆದ ಬಟ್ಟೆಯನ್ನು ಹಿಂಡಿ, ಕೊಡವಿ, ತಂತಿಯ ಮೇಲೆ ಹರವುವ ಕೆಲಸದಲ್ಲಿ ಗುಮಾಸ್ತನಿಗೆ ಒಂದು ಬಗೆಯ ನೆಮ್ಮದಿ ಸಿಗುತ್ತಿತ್ತು. ಬಟ್ಟೆ ಎದುರು ಮಾತಾಡುವುದಿಲ್ಲ. ಪಾಸ್‌ವರ್ಡ್ ಕೇಳುವುದಿಲ್ಲ. ಹೆಂಡತಿ ಬೆಳಿಗ್ಗೆಯೇ ಆಸ್ಪತ್ರೆಯ ಕೆಲಸಕ್ಕೆ ಹೋಗಿದ್ದಳು, ಮಗಳಿಗೆ ಶಾಲೆಗೆ ರಜೆ. ಬಕೆಟ್ಟಿನಿಂದ ಮಗಳ ಫ್ರಾಕು ತೆಗೆದು ಇನ್ನೇನು ಕ್ಲಿಪ್ಪು ಸಿಕ್ಕಿಸಬೇಕು ಎನ್ನುವಷ್ಟರಲ್ಲಿ ಒಂದು ಲಾರಿ ಹಿಂದೆ ಹಿಂದೆ ಬಂದು, ಬೆನ್ನು ತುರಿಸಿಕೊಳ್ಳುವ ಎಮ್ಮೆಯ ಹಾಗೆ ಅವನ ಮನೆಯ ಗೇಟಿಗೆ ಒರಗಿ ನಿಂತಿತು.

ಲಾರಿಯ ಮೇಲೆ ಅವನು ಕೆಲಸ ಮಾಡುವ ದಿಂಬಿನ ಕಂಪನಿಯದೇ ಹೆಸರು.

ಡ್ರೈವರ್ ಇಳಿದು ಬಂದ. "ಅಣ್ಣಾ, ಗೋದಾಮು ಇದೇನಾ?"

"ಇದು ಮನೆ ಕಣಪ್ಪಾ. ಬಟ್ಟೆ ಒಣಗಿ ಹಾಕ್ತಿರೋದು ಕಾಣ್ತಿಲ್ವಾ?"

"ಬಟ್ಟೆ ವಿಚಾರ ನನಗ್ಯಾಕಣ್ಣ? ಅಡ್ರೆಸ್ ನೋಡಿ." ಡ್ರೈವರ್ ಫೋನನ್ನು ಅವನ ಮೂಗಿನ ಹತ್ತಿರ ಹಿಡಿದ.

ಅವನದೇ ಬೀದಿ, ಅವನದೇ ಮನೆ ನಂಬರು. ಮೇಲೆ ದಪ್ಪ ಅಕ್ಷರದಲ್ಲಿ 'ಅಭ್ಯಾಸದ ಗೋದಾಮು' ಎಂದಿತ್ತು. ಗುಮಾಸ್ತನ ಕೈಯಲ್ಲಿದ್ದ ಫ್ರಾಕು ಜಾರಿ ಮತ್ತೆ ಬಕೆಟ್ಟಿಗೇ ಬಿತ್ತು.

ತಪ್ಪು ಅವನದೇ. ಕಂಪನಿಗೆ ಹೊಸ ಸಿಸ್ಟಮ್ಮು ಬಂದಿತ್ತು. ಗಿರಾಕಿ ತನ್ನ ಮನೆಯಲ್ಲಿ ಕೂತು ಫೋನಿನಲ್ಲಿ ಗುಂಡಿ ಒತ್ತಿದರೆ ಸಾಕು. ಯಾವ ಗೋದಾಮು ಅವನಿಗೆ ಹತ್ತಿರ, ಅಲ್ಲಿ ಎಷ್ಟು ದಿಂಬಿದೆ, ಯಾವ ಗಾಡಿ ಹೋಗಬೇಕು ಎಂಬುದನ್ನೆಲ್ಲ ಅದೇ ನೋಡಿಕೊಳ್ಳುತ್ತಿತ್ತು. ದಿಂಬು ಕಡಿಮೆಯಾದರೆ ಕಾರ್ಖಾನೆಗೂ ಅದೇ ಹೇಳಿಕಳಿಸುತ್ತಿತ್ತು. ಮೊದಲಾದರೆ ಇಷ್ಟಕ್ಕೆಲ್ಲ ಒಬ್ಬ ಗುಮಾಸ್ತ, ಒಂದು ಏಣಿ, ಒಂದು ಗಟ್ಟಿ ಗಂಟಲು ಬೇಕಾಗುತ್ತಿತ್ತು. ಅದನ್ನು ಕಲಿಸಲು ಬಂದ ಹುಡುಗಿ, "ಎಲ್ಲರೂ ಒಂದೊಂದು ಸುಳ್ಳು ಗೋದಾಮು ಮಾಡ್ಕೊಂಡು ಅಭ್ಯಾಸ ಮಾಡಿ. ಮುಗಿದ ಮೇಲೆ ಅಳಿಸಿಬಿಡಿ," ಎಂದಿದ್ದಳು. ಉಳಿದವರೆಲ್ಲ ಚಂದ್ರಲೋಕ, ಪಾತಾಳ, ಮಾವನ ಮನೆಯ ಅಟ್ಟ ಎಂದು ಬಾಯಿಗೆ ಬಂದ ವಿಳಾಸ ಬರೆದರು. ಗುಮಾಸ್ತನಿಗೆ ಮಾತ್ರ ಸುಳ್ಳು ವಿಳಾಸ ಬರೆಯಲು ಕೈ ಬರಲಿಲ್ಲ. ತನ್ನ ಮನೆಯದನ್ನೇ ಬರೆದ. ಅಷ್ಟರಲ್ಲಿ ಟೀ ಬಂತು. ಎಲ್ಲರೂ ಅಳಿಸಿ ಎದ್ದರು, ಅವನು ಅಳಿಸದೆ ಹಾಗೆಯೇ ಎದ್ದ.

ಈ ದಿನ ಬೆಳಿಗ್ಗೆ ಸಿಸ್ಟಮ್ಮು ಅಧಿಕಾರ ವಹಿಸಿಕೊಂಡಿತ್ತು. ಕಣ್ಣು ಬಿಟ್ಟು ನೋಡಿದರೆ ಒಂದು ಗೋದಾಮಿನಲ್ಲಿ ಒಂದೇ ಒಂದು ದಿಂಬಿಲ್ಲ! ಹಸಿದ ಮಗುವನ್ನು ಕಂಡ ತಾಯಿಯಂತೆ ಅದರ ಕರುಳು ಚುರುಕ್ಕೆಂದಿರಬೇಕು. ಲಾರಿ ತುಂಬಿಸಿ ಕಳಿಸಿಬಿಟ್ಟಿತ್ತು.

ಬೇರೆ ದಿನವಾಗಿದ್ದರೆ ಯಜಮಾನರಿಂದ ನಾಲ್ಕು ಬೈಗುಳ ತಿಂದು ಸುಮ್ಮನಾಗಬಹುದಿತ್ತು. ಆದರೆ ಯಜಮಾನರು ಅವನಿಗೊಂದು ಮಾತು ಕೊಟ್ಟಿದ್ದರು. "ಮೊದಲ ದಿನ ಒಂದು ತಪ್ಪೂ ಇಲ್ಲದೆ ಕಳೀಲಿ, ನಿಮಗೆ ಹಗಲು ಪಾಳಿ." ಮಗಳು ಹುಟ್ಟಿದಾಗಿನಿಂದ ಅವನದು ಮಧ್ಯಾಹ್ನ ಹೋಗಿ ರಾತ್ರಿ ಬರುವ ಪಾಳಿ. ಅವಳು ಶಾಲೆಯಿಂದ ಬರುವಾಗ ಅಪ್ಪನಿಲ್ಲ, ಅಪ್ಪ ಬರುವಾಗ ಅವಳಿಗೆ ನಿದ್ದೆ. ಎಷ್ಟೋ ದಿನ ಅವನು ಮಗಳನ್ನು ನೋಡಿದ್ದು ಹೊದಿಕೆಯ ಹೊರಗೆ ಇಣುಕಿದ ಒಂದು ಕಾಲಿನ ರೂಪದಲ್ಲಿ. ಸಂಜೆ ಯಜಮಾನರು ಮೊದಲ ದಿನದ ವರದಿ ನೋಡುವವರಿದ್ದರು. ಅದರಲ್ಲಿ ತನ್ನ ಮನೆಯೇ ಗೋದಾಮಾಗಿ ಕಂಡರೆ ಹಗಲು ಪಾಳಿಯ ಕತೆ ಮುಗಿದಂತೆ.

"ವಾಪಸ್ಸು ತಗೊಂಡು ಹೋಗಪ್ಪಾ, ನಿನ್ನ ದಮ್ಮಯ್ಯ."

"ಹಾಗೆಲ್ಲ ಆಗಲ್ಲಣ್ಣ. ಒಪ್ಪಿಗೆ ಒತ್ತಿ, ಇಳಿಸಿ ಹೋಗ್ತೀನಿ."

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಆಗಲೇ ಕಾಂಪೌಂಡಿನ ಮೇಲೆ ಗಲ್ಲ ಊರಿದ್ದರು. ಬೀದಿಯಲ್ಲಿ ಎಲೆ ಬಿದ್ದರೂ ವಿಚಾರಣೆ ನಡೆಸುವವರು. "ಏನಯ್ಯಾ ಅದು, ದಿಂಬಾ? ಅಷ್ಟೊಂದು? ಮನೇಲಿ ಎಲ್ಲರಿಗೂ ಒಟ್ಟಿಗೇ ನಿದ್ದೆ ಬಂತಾ?" ಎನ್ನುತ್ತ ಒಳಗೇ ಬಂದರು. ಗುಮಾಸ್ತ ಸೋಪಿನ ಕೈ ಒರೆಸಿಕೊಳ್ಳಲು ಟವೆಲ್ಲು ಹುಡುಕಿ ತಿರುಗುವಷ್ಟರಲ್ಲಿ ಡ್ರೈವರ್‌ನ ಫೋನು ಮೇಷ್ಟ್ರ ಕೈಯಲ್ಲಿತ್ತು.

"ಮೇಷ್ಟ್ರೇ, ಮುಟ್ಟಬೇಡಿ!"

"ಒಪ್ಪಿಗೆ ಇದೆಯಾ ಅಂತ ಕೇಳ್ತಿತ್ತು, ಪಾಪ. ಇದೆ ಅಂದೆ."

ದಿಂಬುಗಳು ಒಳಗೆ ಬಂದವು. ಮೊದಲು ಹಜಾರ ತುಂಬಿತು, ಆಮೇಲೆ ಮಲಗುವ ಕೋಣೆ, ಆಮೇಲೆ ಅಡುಗೆಮನೆಯ ಅರ್ಧ. ಮನೆಯೇ ಗಲ್ಲ ಉಬ್ಬಿಸಿಕೊಂಡಂತೆ ಕಂಡಿತು. ದಿಂಬಿನ ಬೆಟ್ಟದ ತುದಿಯಿಂದ ಮಗಳು ಪುಟ್ಟಿ ಇಣುಕಿದಳು.

"ಅಪ್ಪಾ, ಒಂದು ಕೇಳ್ಲಾ?"

"ಆಮೇಲೆ ಕೇಳು ಪುಟ್ಟಿ. ಅಪ್ಪನಿಗೆ ಈಗ ತಲೆ ಓಡ್ತಿಲ್ಲ."

ಸಿಸ್ಟಮ್ಮು ಕಲಿಸಿದ ಹುಡುಗಿಗೆ ಫೋನು ಮಾಡಿದ. ಅವಳು ಎಲ್ಲವನ್ನೂ ಕೇಳಿ, ನಗು ಬಂದದ್ದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡಳು. "ಗೋದಾಮು ಅಳಿಸೋದು ಸುಲಭ ಸರ್. ಆದ್ರೆ ಒಳಗೆ ಒಂದು ದಿಂಬಿದ್ರೂ ಸಿಸ್ಟಮ್ಮು ಬಿಡಲ್ಲ."

"ಹಾಗಾದ್ರೆ ಕಾರ್ಖಾನೆಗೆ ವಾಪಸ್ಸು ಕಳಿಸ್ತೀನಿ."

"ವಾಪಸ್ಸು ಕಳಿಸೋಕೆ ಯಜಮಾನರು ಒಪ್ಪಬೇಕು ಸರ್."

ಅದೊಂದು ಬಿಟ್ಟು ಬೇರೆ ಏನಾದರೂ ಆಗಲಿ ಎಂದು ಅವನು ಫೋನಿಟ್ಟ. ಇಟ್ಟದ್ದೇ ತಡ, ಅದು 'ಟಿಣ್' ಎಂದಿತು. ಆರ್ಡರು! ಊರಿನ ಈ ಭಾಗದ ಗಿರಾಕಿಗಳಿಗೆಲ್ಲ ಅವನ ಮನೆಯೇ ಅತಿ ಹತ್ತಿರದ ಗೋದಾಮೆಂದು ಸಿಸ್ಟಮ್ಮು ಕಂಡುಹಿಡಿದಿತ್ತು. ಟಿಣ್. ಟಿಣ್ ಟಿಣ್. ಗುಮಾಸ್ತನಿಗೆ ತಟ್ಟನೆ ದಾರಿ ಹೊಳೆಯಿತು. ಬಂದ ಆರ್ಡರಿಗೆಲ್ಲ ದಿಂಬು ಕಟ್ಟಿ ಕಳಿಸಿಬಿಟ್ಟರೆ? ಸಂಜೆಯೊಳಗೆ ಮನೆ ಖಾಲಿ, ಗೋದಾಮು ಅಳಿಸಿ, ಏನೂ ಆಗದವನಂತೆ ಕೂತುಬಿಡಬಹುದು.

ಕೆಲಸಕ್ಕೆ ಹೇಗೆ ರಜೆ ಹೇಳುವುದು ಎಂದು ಚಿಂತಿಸುತ್ತಿದ್ದಾಗ ಆ ಚಿಂತೆಯನ್ನೂ ಸಿಸ್ಟಮ್ಮೇ ಕಳೆಯಿತು. 'ಇಂದು ನಿಮ್ಮ ಕೆಲಸದ ಸ್ಥಳ: ಅಭ್ಯಾಸದ ಗೋದಾಮು. ನೀವು ಅಲ್ಲೇ ಇರುವುದರಿಂದ ಹಾಜರಿ ಹಾಕಲಾಗಿದೆ.'

ಒಬ್ಬನೇ ದಿಂಬು ಸುತ್ತುತ್ತ ಕೂತವನನ್ನು ಮಹಡಿಯ ಮನೆಯ ಟೈಲರಮ್ಮ ಮೆಟ್ಟಿಲಿನಿಂದಲೇ ನೋಡಿ ಹಣೆ ಚಚ್ಚಿಕೊಂಡರು. "ಅಯ್ಯೋ, ಅದೇನು ಸುತ್ತೋದಾ, ಕತ್ತು ಹಿಸುಕೋದಾ? ಇಲ್ಲಿ ಕೊಡಿ. ಎಳೆ ಮಗೂನ ಸುತ್ತೋ ಹಾಗೆ ಸುತ್ತಬೇಕು." ಸರಿ, ಸುತ್ತುವುದು ಟೈಲರಮ್ಮನ ಪಾಲಾಯಿತು. ವಿಳಾಸದ ಚೀಟಿ ಅಂಟಿಸುವುದು ಪುಟ್ಟಿಯದು. ಮೇಷ್ಟ್ರಿಗೆ ಯಾರೂ ಕೆಲಸ ಕೊಡಲಿಲ್ಲವಾದ್ದರಿಂದ ಅವರು ಮೇಲ್ವಿಚಾರಣೆ ವಹಿಸಿಕೊಂಡರು. ಗಲಾಟೆ ಮಾಡುವ ಹುಡುಗರನ್ನು ನಿಲ್ಲಿಸುವಂತೆ ದಿಂಬುಗಳನ್ನು ಗೋಡೆಗೆ ಸಾಲಾಗಿ ನಿಲ್ಲಿಸಿ, ಓರೆಯಾದವಕ್ಕೆ ಒಂದೊಂದು ಪೆಟ್ಟು ಕೊಟ್ಟರು.

"ಬೆನ್ನು ನೆಟ್ಟಗಿರಲಿ!"

"ಅವು ದಿಂಬು ಮೇಷ್ಟ್ರೇ," ಎಂದರು ಟೈಲರಮ್ಮ. "ಅವಕ್ಕೆ ಬೆನ್ನೂ ಇಲ್ಲ, ಬುದ್ಧೀನೂ ಇಲ್ಲ."

"ನನ್ನ ಕೈಯಲ್ಲಿ ಕಲಿತೋರಲ್ಲಿ ಇದಕ್ಕಿಂತ ದೊಡ್ಡ ದಿಂಬುಗಳು ಆಫೀಸರಾಗಿದಾರೆ, ಗೊತ್ತಾ?"

ಕೊರಿಯರ್‌ನವಳು ಸ್ಕೂಟರಿನಲ್ಲಿ ಬರುವುದು, ಬೆನ್ನ ತುಂಬ ದಿಂಬು ಹೇರಿಕೊಂಡು ಮೋಡದ ಹಾಗೆ ಹೋಗುವುದು ನಡೆದೇ ಇತ್ತು. ನಡುವೆ ಹೆಂಡತಿಯ ಫೋನು.

"ರೀ, ಬಟ್ಟೆ ಒಣಗಿತಾ?"

ಗುಮಾಸ್ತ ಬಕೆಟ್ಟಿನ ಕಡೆ ನೋಡಿದ. "ಒಣಗ್ತಾ ಇದೆ."

"ಅದ್ಯಾಕೆ ಮೇಷ್ಟ್ರ ದನಿ ಕೇಳ್ತಿದೆ?"

"ಅವರು... ಬಟ್ಟೆ ಸಾಲಾಗಿದೆಯಾ ಅಂತ ನೋಡ್ತಿದಾರೆ."

ಫೋನಿಟ್ಟು ಕೋಣೆಗೆ ಹೋದವನು ಹಾಸಿಗೆ ನೋಡಿ ಬೆಚ್ಚಿದ. ಅವನ ಸ್ವಂತ ದಿಂಬು ಕಾಣಲಿಲ್ಲ. ಮದುವೆಯಾದಾಗಿನಿಂದ ಅವನ ತಲೆ ಹೊತ್ತು, ಎಣ್ಣೆ ಕುಡಿದು, ನಡುವೆ ತಗ್ಗಾಗಿದ್ದ ಆ ದಿಂಬು!

"ಓ, ಆ ಕೊಳಕು ದಿಂಬಾ?" ಎಂದರು ಮೇಷ್ಟ್ರು. "ಸಾಲು ತಪ್ಪಿಸಿ ಒಳಗೆ ಮಲಗಿತ್ತು. ಎಳ್ಕೊಂಡು ಬಂದು ನಿಲ್ಲಿಸಿದೆ."

"ನಾನು ಸುತ್ತುವಾಗ್ಲೇ ಅಂದ್ಕೊಂಡೆ," ಎಂದರು ಟೈಲರಮ್ಮ, "ಇದೇನು ಕಂಪನಿಯಪ್ಪಾ ಅಂತ."

ಸ್ಕೂಟರು ಆಗಷ್ಟೇ ಗೇಟು ದಾಟಿತ್ತು. ಗುಮಾಸ್ತ ಹೊಸ ದಿಂಬೊಂದನ್ನು ಕಂಕುಳಲ್ಲಿ ಅವುಚಿಕೊಂಡು ಬರಿಗಾಲಲ್ಲಿ ಓಡಿದ. "ನಿಲ್ಲಮ್ಮಾ! ಅದು ನನ್ನ ದಿಂಬು! ನನ್ನ ದಿಂಬು ಕೊಡು!" ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಮಧ್ಯಾಹ್ನದ ನಿದ್ದೆಯಿಂದ ಎದ್ದು ಬಂದ ಅಂಗಡಿಯವನು, "ನಿದ್ದೆಗೆ ಆಸೆಪಡೋರನ್ನ ನೋಡಿದೀನಿ, ಇಷ್ಟು ಓಡೋನನ್ನ ನೋಡಿರಲಿಲ್ಲ," ಎಂದು ಒಳಗೆ ಹೋದ. ತಿರುವಿನಲ್ಲಿ ಸ್ಕೂಟರು ನಿಂತಿತು. ಕೊರಿಯರ್‌ನವಳು ಹಳೆಯದನ್ನು ಎರಡು ಬೆರಳಲ್ಲಿ ಹಿಡಿದು ಕೊಟ್ಟು, ಹೊಸದನ್ನು ತೆಗೆದುಕೊಂಡಳು. ತಪ್ಪು ತಪ್ಪಿತು. ಗುಮಾಸ್ತ ತನ್ನ ದಿಂಬನ್ನು ಎದೆಗವಚಿಕೊಂಡು, ಜಾತ್ರೆಯಲ್ಲಿ ಕಳೆದ ಮಗು ಸಿಕ್ಕವನಂತೆ ಮನೆಗೆ ಬಂದ.

"ಅಪ್ಪಾ, ಈಗ ಕೇಳ್ಲಾ?"

"ಸ್ವಲ್ಪ ಉಸಿರಾಡ್ತೀನಿ ಇರು ಮಗಳೇ."

ಉಸಿರಾಡುವ ಮೊದಲೇ ಫೋನು ಟಿಣ್ ಎಂದಿತು. ಬಿಸಿಲು ಇಳಿಯುತ್ತ ಬಂದಂತೆ ಮನೆ ತನ್ನ ಹಳೆಯ ಆಕಾರಕ್ಕೆ ಮರಳಿತು. ಮೊದಲು ಒಲೆ ಕಂಡಿತು, ಆಮೇಲೆ ಮಂಚ, ಆಮೇಲೆ ಹಜಾರದ ನೆಲ. ಕೊನೆಯ ಆರ್ಡರಿಗೆ ಕೊನೆಯ ದಿಂಬು ಬೇಕು, ಎಲ್ಲಿದೆ ಎಂದು ಹುಡುಕಿದರೆ ಮೂಲೆಯಲ್ಲಿ ಪುಟ್ಟಿ ಅದರ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಅಂಗೈಗೆ ಇನ್ನೂ ಒಂದು ಚೀಟಿ ಅಂಟಿಕೊಂಡಿತ್ತು.

ಮೇಷ್ಟ್ರು ಕೂಡ ದನಿ ತಗ್ಗಿಸಿದರು. ಗುಮಾಸ್ತ ಅವಳ ಪಕ್ಕ ನೆಲದ ಮೇಲೆ ಕೂತು, ಕಾಲು ಚಾಚಿ, ಬೆಣ್ಣೆ ತೆಗೆಯುವಷ್ಟು ನಾಜೂಕಾಗಿ ಅವಳ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡ. ದಿಂಬು ಹೊರಟಿತು. ಅವನಿಗೆ ಅಲ್ಲಿಂದ ಏಳುವ ಮನಸ್ಸೇ ಇರಲಿಲ್ಲ. ಇನ್ನು ಮೇಲೆ ದಿನಾ ಸಂಜೆ ಹೀಗೇ ಎಂದುಕೊಂಡು, ಮಗಳ ತಲೆ ನೇವರಿಸುತ್ತ, ಇನ್ನೊಂದು ಕೈಯಲ್ಲಿ ಫೋನು ತೆಗೆದು 'ಗೋದಾಮು ಅಳಿಸಿ' ಎಂಬುದನ್ನು ಒತ್ತಿದ.

ಸಿಸ್ಟಮ್ಮು ಕ್ಷಣಹೊತ್ತು ಯೋಚಿಸಿತು. 'ಕ್ಷಮಿಸಿ. ಈ ಗೋದಾಮಿನ ದಿಂಬು ಬಹಳ ಬೇಗ ಖರ್ಚಾಗಿದೆ. ಆದ್ದರಿಂದ ಇನ್ನೆರಡು ಲಾರಿ ಹೊರಟಿವೆ. ದಾರಿಯಲ್ಲಿ ದಿಂಬಿರುವಾಗ ಗೋದಾಮು ಅಳಿಸಲಾಗದು.'

ಅದನ್ನು ಎರಡನೇ ಸಲ ಓದುವಷ್ಟರಲ್ಲಿ ಫೋನು ರಿಂಗಾಯಿತು. ಯಜಮಾನರು.

"ಏನ್ರೀ ಇದು!"

"ಸರ್... ನಾನು ಬೇಕೂಂತ ಮಾಡಿದ್ದಲ್ಲ ಸರ್..."

"ಆಹಾ, ವಿನಯ ಅಂದ್ರೆ ಇದು! ವರದಿ ನೋಡ್ತಾ ಇದೀನಿ. ಎಲ್ಲಾ ಗೋದಾಮಿಗಿಂತ ನಿಮ್ಮದೇ ಮೊದಲು. ಒಂದು ದೂರಿಲ್ಲ, ಒಂದು ತಡ ಇಲ್ಲ. ಗಿರಾಕಿ ಪಕ್ಕದಲ್ಲೇ ಗೋದಾಮು, ಅದೂ ಬಾಡಿಗೆ ಇಲ್ದೆ! ಇಷ್ಟು ವರ್ಷ ನಮಗ್ಯಾರಿಗೂ ಹೊಳೀಲಿಲ್ವಲ್ರೀ."

"ಸರ್, ಅದು ಮನೆ ಸರ್."

"ಅದೇ ನಾನು ಹೇಳೋದು! ಕೊಟ್ಟ ಮಾತು ತಪ್ಪಲ್ಲ, ನಾಳೆಯಿಂದ ನಿಮಗೆ ಹಗಲು ಪಾಳಿ."

ಗುಮಾಸ್ತನ ಕಣ್ಣು ಒದ್ದೆಯಾಯಿತು. "ತುಂಬಾ ಉಪಕಾರ ಆಯ್ತು ಸರ್."

"ಮತ್ತೆ ಸಿಸ್ಟಮ್ಮು ಹೇಳ್ತಿದೆ, ನಿಮ್ಮ ಕಡೆ ಆರ್ಡರು ಜಾಸ್ತಿ ಬರೋದು ಸಂಜೆ ಹೊತ್ತಂತೆ. ಅದಕ್ಕೆ ಸಂಜೆ ಪಾಳೀನೂ ನೀವೇ ನೋಡ್ಕೊಂಡ್ಬಿಡಿ. ಹೇಗೂ ಮನೇಲೇ ಇರ್ತೀರಲ್ಲ!"

ಬೀದಿಯ ತುದಿಯಲ್ಲಿ ಲಾರಿಯೊಂದು ಹಿಂದೆ ಹಿಂದೆ ಬರುವ ಸದ್ದಾಯಿತು. ಅದರ ಬೆನ್ನಿಗೆ ಇನ್ನೊಂದು. ಮೇಷ್ಟ್ರು ಅಂಗಿಯ ತೋಳು ಮಡಚಿಕೊಂಡು ಗೇಟಿನ ಕಡೆ ಹೊರಟರು. ಟೈಲರಮ್ಮ, "ಒಂದು ಗುಟುಕು ಟೀ ಕುಡಿದು ಬರ್ತೀನಿ, ಅಲ್ಲೀತನಕ ಯಾರೂ ಸುತ್ತೋಕೆ ಹೋಗ್ಬೇಡಿ," ಎಂದು ಮೆಟ್ಟಿಲು ಹತ್ತಿದರು. ತೊಡೆಯ ಮೇಲೆ ಮಗಳು ಹೊರಳಿ, ಕಣ್ಣುಜ್ಜಿಕೊಂಡು ಎದ್ದು ಕೂತಳು. ಟಿಣ್ ಎಂದ ಫೋನನ್ನು ಗುಮಾಸ್ತ ಮಗುಚಿ ಇಟ್ಟ.

"ಬೆಳಿಗ್ಗೆಯಿಂದ ಏನೋ ಕೇಳ್ಬೇಕು ಅಂತಿದ್ದೆಯಲ್ಲ ಪುಟ್ಟಿ. ಈಗ ಕೇಳಮ್ಮಾ."

ಅವಳು ಅವನ ಕುತ್ತಿಗೆಗೆ ಕೈ ಹಾಕಿ, ಮುಖಕ್ಕೆ ಮುಖ ತಂದು ಕೇಳಿದಳು:

"ಅಪ್ಪಾ, ಇವತ್ತು ನೀನು ಮನೆಗೆ ಎಷ್ಟೊತ್ತಿಗೆ ಬರ್ತೀಯಾ?"