ಮಾವನ ಟೋಪಿ ಹಾರುವುದಿಲ್ಲವೆಂಬ ಸಂಗತಿಯನ್ನು ಫೋಕಸ್ ಸಾಹೇಬರ ಗಮನಕ್ಕೆ ತರುವ ಬಗ್ಗೆ

ನನ್ನ ಕ್ಯಾಮೆರಾದೊಳಗೆ ಬಿಡಾರ ಹೂಡಿರುವ, ಹಾರುವ ಹಕ್ಕಿಯ ಕಣ್ಣನ್ನು ತಾವಾಗಿಯೇ ಹುಡುಕಿ ಹಿಡಿಯಬಲ್ಲಿರೆಂದು ಡಬ್ಬಿಯ ಮೇಲೆಯೇ ಅಚ್ಚು ಹಾಕಿಸಿಕೊಂಡಿರುವ, ಹಳದಿ ಚೌಕದ ಒಡೆಯರಾದ ಸ್ವಯಂಚಾಲಿತ ಫೋಕಸ್ ಸಾಹೇಬರ ಸನ್ನಿಧಾನಕ್ಕೆ, ಇಸ್ಸಿಕ್-ಕುಲ್ ಸರೋವರದ ದಕ್ಷಿಣ ದಡದಲ್ಲಿ ಬೇಟೆಹದ್ದು ಸಾಕುವ ಮನೆಯೊಂದರ ಸೊಸೆ ಬುರುಲ್ಚಾ ತಲೆಬಾಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ಬಲ್ಲೆ, ಏಕೆಂದರೆ ದಿನಾ ಬೆಳಿಗ್ಗೆ ತಮ್ಮ ಗಾಜು ಒರೆಸುವವಳು ನಾನೇ. ಎರಡು ತಿಂಗಳ ಕಾಲ ತಮ್ಮ ಸೇವೆಯಲ್ಲಿ ಅಭ್ಯಾಸ ಮಾಡಿದ್ದೂ ತಮಗೆ ನೆನಪಿರಬಹುದು. ಶಟರ್ ವೇಗವನ್ನು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗಕ್ಕೆ ಇಟ್ಟೆ. ಹಕ್ಕಿಯ ಜೊತೆಜೊತೆಗೇ ಸೊಂಟದಿಂದ ತಿರುಗಬೇಕೆಂಬ ಕೈಪಿಡಿಯ ಮಾತನ್ನು ಬಾಯಿಪಾಠ ಮಾಡಿದೆ. ಅಂಗಳದ ಮೇಲೆ ಹಾರುವ ಕಾಗೆಗಳನ್ನು ತೋರಿಸಿದರೆ ತಾವು ಹಗ್ಗದ ಮೇಲೆ ಒಣಗುತ್ತಿದ್ದ ನನ್ನ ಗಂಡ ಎಲ್ಚಿಬೇಕನ ಒಳಅಂಗಿಯನ್ನು ಆರಿಸಿಕೊಂಡಿರಿ, ಅದರ ಹೊಲಿಗೆಗಳನ್ನು ಎಣಿಸಬಹುದಿತ್ತು. ಬಾತುಗಳ ಹಿಂಡು ತೋರಿಸಿದರೆ ಪಕ್ಕದ ಮನೆಯ ಕತ್ತೆಯನ್ನು ಗೌರವಿಸಿದಿರಿ. ದೊಡ್ಡವರ ಅಭಿರುಚಿಯನ್ನು ಪ್ರಶ್ನಿಸಬಾರದೆಂದು ನಾನು ಸುಮ್ಮನಿದ್ದೆ.

ಆದರೆ ಮಾರ್ಚ್ ತಿಂಗಳಲ್ಲಿ ನಡೆದದ್ದಕ್ಕೆ ಸುಮ್ಮನಿರಲಾರೆ. ನನ್ನ ಮಾವ, ಅವರ ಹೆಸರನ್ನು ಸೊಸೆಯಾದ ನಾನು ಬಾಯಲ್ಲಾಗಲಿ ಕಾಗದದಲ್ಲಾಗಲಿ ತರುವಂತಿಲ್ಲ, ಹತ್ತು ವರ್ಷ ಕೈಮೇಲೆ ಹೊತ್ತ ಹೆಣ್ಣುಹದ್ದು ತುಮಾರ್‌ಳನ್ನು ನಮ್ಮವರ ಪದ್ಧತಿಯಂತೆ ಬೆಟ್ಟಕ್ಕೆ ಬಿಟ್ಟುಕೊಡುವ ದಿನ ಅದು. ಹಿಂದಿನ ಚಳಿಗಾಲದಲ್ಲಿ ನರಿಯ ಮೇಲೆರಗುವಾಗ ಬಂಡೆಗೆ ಬಡಿದು ಅವಳ ಎಡರೆಕ್ಕೆಗೆ ಪೆಟ್ಟಾಗಿತ್ತು. ಅಂಗಳದ ಗಿಡ್ಡ ಹಾರಾಟದಲ್ಲಿ ಅದು ವಾಸಿಯಾದಂತೆಯೇ ಇತ್ತು. ಎತ್ತರದ ಗಾಳಿಯಲ್ಲಿ ಪೂರ್ತಿ ಬಿಚ್ಚಿಕೊಳ್ಳುತ್ತದೆಯೇ ಎಂಬುದು ಬಿಟ್ಟ ಮೇಲಷ್ಟೇ ತಿಳಿಯುವ ಸಂಗತಿ. ಬಿಚ್ಚಿಕೊಳ್ಳದಿದ್ದರೆ ಅವಳು ಬೇಟೆಯಾಡಲಾರದೆ ಹಸಿದು ಸಾಯುತ್ತಾಳೆ. ಮಾವನ ಕಣ್ಣಿಗೋ ಪೊರೆ ಬಂದು ಹತ್ತು ಮಾರಿನಾಚೆ ಎಲ್ಲವೂ ಮಂಜು. ನೋಡಿ ಹೇಳಲು ಮಗನಿರಲಿಲ್ಲವೇ ಎಂದು ತಾವು ಕೇಳಬಹುದು. "ಅವನು ನನ್ನ ಸಮಾಧಾನಕ್ಕೆ ಏನು ಬೇಕಾದ್ರೂ ಹೇಳ್ತಾನೆ, ಪಟ ಹಂಗೆ ಮಾಡಲ್ಲ. ನೀನು ತೆಗಿ ಮಗಳೇ, ಟೀವಿಲಿ ದೊಡ್ಡದು ಮಾಡಿ ನೋಡ್ತೀನಿ" ಎಂದರು ಮಾವ. ತಮ್ಮ ಮೇಲೆ ಅವರಿಗಿದ್ದ ಭರವಸೆ ಅಂಥದ್ದು.

ಬೀಳ್ಕೊಡುಗೆಯ ಕುರಿಯನ್ನು ಕೊಯ್ದು ದಿಬ್ಬದ ಮೇಲೆ ಇಟ್ಟಾಯಿತು. ಮಾವ ತುಮಾರ್‌ಳ ಕಣ್ಣಿನ ಮುಸುಕು ತೆಗೆದು, ಅವಳ ಕಿವಿಯ ಬಳಿ ಏನೋ ಹೇಳಿ, ತೊಗಲಿನ ಕೈಗವಸು ತೊಟ್ಟ ಕೈಯನ್ನು ಮೇಲಕ್ಕೆ ಎತ್ತಿ ಬಿಟ್ಟರು. ಅವಳು ಹಾರಿದಳು. ತಾವು ಮಾವನ ನರಿತುಪ್ಪಳದ ಟೋಪಿಯ ಮೇಲೆ ಕುಳಿತಿರಿ. ಅರವತ್ತೆರಡು ಪಟಗಳಲ್ಲಿ ಟೋಪಿಯ ಕೂದಲು ಕೂದಲೂ ನಿಚ್ಚಳ, ಮೂಲೆಯಲ್ಲಿ ಕಂದು ಬಣ್ಣದ ಕಲೆಯೊಂದು ತುಮಾರ್.

ಮಾನ್ಯರೇ, ತಮಗಿಂತ ಒಳ್ಳೆಯ ಸೊಸೆ ಈ ದಡದಲ್ಲೇ ಇಲ್ಲ. ಚೌಕಟ್ಟಿನೊಳಗಿನ ಅತ್ಯಂತ ಹಿರಿಯರನ್ನು ಗುರುತಿಸಿ, ಆಕಾಶವೇ ಕಳಚಿ ಬಿದ್ದರೂ ಅವರಿಂದ ಕಣ್ಣು ಕೀಳದ ತಮ್ಮ ನಡತೆಯನ್ನು ಕಂಡು ನನ್ನ ಅತ್ತೆಗೆ ಮನಸ್ಸು ತುಂಬಿ ಬಂದಿರಬೇಕು. ನಾನೂ ಕಡಿಮೆಯವಳಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ತುಮಾರ್ ಒಂದು ಸುತ್ತು ಹೊಡೆದು ನನ್ನ ಹಿಂದಕ್ಕೆ ಹೋದಳು, ನಾನು ತಿರುಗಬೇಕಿತ್ತು, ತಿರುಗಿದರೆ ಮಾವನಿಗೆ ಬೆನ್ನು ತೋರಿಸಿದಂತೆ. ಏಳು ವರ್ಷದಿಂದ ಅವರ ಎದುರಿನಿಂದ ಹಿಮ್ಮುಖವಾಗಿಯೇ ನಡೆದು ಕೋಣೆಯಾಚೆ ಹೋಗುವ ಕಾಲುಗಳು ಅಲ್ಲೇ ನಾಟಿಕೊಂಡವು. ಕಣ್ಣು ಮಂಜಾದ ಮಾವನಿಗೆ ಶಟರ್ ಸದ್ದು ನಿಂತದ್ದು ಕೇಳಿಸಿತು.

"ಯಾಕೆ ನಿಲ್ಲಿಸಿದ್ಲು?"

"ಹದ್ದು ಅವಳ ಬೆನ್ನ ಹಿಂದೆ ಹೋಯ್ತಪ್ಪಾ" ಎಂದ ಎಲ್ಚಿಬೇಕ್.

"ಹಂಗಾದ್ರೆ ತಿರುಗೇ ತಾಯಿ! ನನ್ನ ಮುಖಕ್ಕೇನು ರೆಕ್ಕೆ ಬಂದಿದ್ಯಾ?"

ತಿರುಗಿದೆ. ಅತ್ತೆ ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡರಂತೆ. ಟೋಪಿ ಕಾಣದೆ ದಿಕ್ಕುಗೆಟ್ಟ ತಾವು, ಬರಿಯ ಆಕಾಶದಲ್ಲಿ ಬೇರೆ ಯಾರೂ ಸಿಗದೆ, ತುಮಾರ್‌ಳನ್ನು ಹಿಡಿದಿರಿ. ಒಂದೇ ಒಂದು ಪಟ.

ನನ್ನ ನಿಜವಾದ ದೂರು ಇರುವುದು ಆ ಒಂದು ಪಟದ ಬಗ್ಗೆ. ಬಲರೆಕ್ಕೆ ಉದ್ದಕ್ಕೆ ಚಾಚಿತ್ತು. ಎಡದ್ದು ಮಣಿಗಂಟಿನ ಬಳಿ ಮಡಚಿಕೊಂಡೇ ಇತ್ತು. ಅಡುಗೆಮನೆಯಲ್ಲಿ ಅದನ್ನು ಮೊದಲು ಕಂಡ ಎಲ್ಚಿಬೇಕ್, "ಅಳಿಸಿಬಿಡು ಬುರುಲ್. ಅಪ್ಪ ಟೋಪಿ ನೋಡ್ಕೊಂಡು ನೆಮ್ಮದಿಯಾಗಿರ್ಲಿ" ಎಂದ. ಅರವತ್ತೆರಡು ಸಲ ಸುಳ್ಳು ಹೇಳಿದ ತಮಗೆ ಅರವತ್ತಮೂರನೆಯದು ಅಷ್ಟು ಭಾರವಾಯಿತೇ? ಅಳಿಸುವ ಗುಂಡಿಯ ಮೇಲೆ ಹೆಬ್ಬೆರಳಿಟ್ಟು ನಿಂತವಳು ನಾನು, ತಾವಲ್ಲ. ತಮ್ಮ ಮೇಲೆ ಅಷ್ಟು ಸಿಟ್ಟು ನನಗೆ ಎಂದೂ ಬಂದಿರಲಿಲ್ಲ.

ಮಾವನಿಗೆ ತೋರಿಸಿದೆ. ಅವರು ಮೂಗು ತಾಗುವಷ್ಟು ಟೀವಿಯ ಹತ್ತಿರ ಹೋಗಿ, ರೆಕ್ಕೆಯ ಅಂಚಿನುದ್ದಕ್ಕೂ ಬೆರಳಾಡಿಸಿ, ಮಡಚಿದಲ್ಲಿ ನಿಲ್ಲಿಸಿದರು. ಚಹಾದ ಬಟ್ಟಲು ಮುಟ್ಟಲಿಲ್ಲ. "ನನ್ನ ಕೈಗವಸು ಎಲ್ಲಿಟ್ಟಿದ್ದೀರಿ?" ಎಂದಷ್ಟೇ ಕೇಳಿದರು. ಅಪ್ಪ ಮಗ ಕುದುರೆ ಹತ್ತಿ ಹೋದವರು ಮರುದಿನ ಮಧ್ಯಾಹ್ನ ಅವಳನ್ನು ಕಂಡದ್ದು ಅದೇ ಕುರಿಯ ಪಕ್ಕದಲ್ಲಿ. ಮಾವ ಕೂಗಿದಾಗ ಅರ್ಧ ಹಾರಿ, ಅರ್ಧ ಕುಪ್ಪಳಿಸಿ ಕೈಮೇಲೆ ಬಂದಳಂತೆ. ಈಗ ಕೊಟ್ಟಿಗೆಯ ಪಕ್ಕದ ಗೂಟದ ಮೇಲಿದ್ದಾಳೆ, ನಮ್ಮೆಲ್ಲರಿಗಿಂತ ಚೆನ್ನಾಗಿ ಉಣ್ಣುತ್ತಿದ್ದಾಳೆ.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹವಿಷ್ಟು. ಹಾರುವುದು ಯಾವುದು, ಕೂತಿರುವುದು ಯಾವುದು ಎಂಬುದನ್ನು ತಾವು ಕಲಿಯಬೇಕು. ಹಿರಿಯರಿಗೆ ಸಲ್ಲಬೇಕಾದ ಮರ್ಯಾದೆಯನ್ನು ಹಕ್ಕಿ ಮರೆಯಾಗುವ ತನಕ ತಡೆಹಿಡಿಯಬೇಕು. ಮತ್ತು ಸತ್ಯ ಹೇಳುವುದೇ ಆದರೆ ಮೊದಲನೆಯ ಪಟದಲ್ಲೇ ಹೇಳಬೇಕು, ನಮಗೆ ಅಳಲು ಸ್ವಲ್ಪ ಹೊತ್ತು ಸಿಗುತ್ತದೆ.

ಇಂತು ತಮ್ಮ ಚೌಕದಾಚೆ ನಿಂತು ಕಾಯುತ್ತಿರುವ,
ತಮ್ಮ ವಿಶ್ವಾಸಿ
ಬುರುಲ್ಚಾ

ಮರೆತ ಮಾತು: ನಾಲ್ಕು ವರ್ಷದಿಂದ ಕಣ್ಣಿನ ಆಪರೇಷನ್ ಬೇಡವೇ ಬೇಡ ಎಂದು ಹಟ ಹಿಡಿದಿದ್ದ ಮಾವ ಗುರುವಾರ ತಾವಾಗಿಯೇ ಆಸ್ಪತ್ರೆಗೆ ಹೋಗಿ ಹೆಸರು ಬರೆಸಿ ಬಂದರು. ಈಗ ಹೇಗೆ ಮನಸ್ಸಾಯಿತು ಎಂದು ವೈದ್ಯರು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರವನ್ನು ತಮ್ಮ ಅವಗಾಹನೆಗೆ ಲಗತ್ತಿಸಿದ್ದೇನೆ: "ಮುಂದಿನ ವರ್ಷ ಅವಳನ್ನ ಮತ್ತೆ ಬಿಡ್ತೀನಿ ಡಾಕ್ಟ್ರೇ, ಆಗ ನಾನೇ ನೋಡ್ಬೇಕು. ಮನೇಲೊಂದು ಯಂತ್ರ ಇದೆ, ಅದಕ್ಕೆ ನನ್ನ ಮೇಲೆ ಗೌರವ ಜಾಸ್ತಿ."