ಈರಪ್ಪ ಕಾಕಾನ ದಾಂಪತ್ಯಮಾಪಕ

"ಮುಟ್ಟಬ್ಯಾಡ್ರಿ! ಯಾರೂ ಮುಟ್ಟಬ್ಯಾಡ್ರಿ! ಮೊದಲ ನಾ ಹೇಳೂದು ಕೇಳ್ರಿ!"

ಹೀಗೆ ಕೂಗುತ್ತ ಈರಪ್ಪ ಬಡಿಗೇರ ಹಳೆಯ ಚಾದರವನ್ನು ಸರ್ರನೆ ಎಳೆದಾಗ, ಪಡಸಾಲೆಯಲ್ಲಿ ಕೂತಿದ್ದ ನೀಲಗಂಗಾಳಿಗೆ ಕಂಡದ್ದು ಒಂದು ತೂಕದ ಯಂತ್ರ. ಹಿಂದೆ ರೈಲು ನಿಲ್ದಾಣಗಳಲ್ಲಿ ನಿಂತಿರುತ್ತಿತ್ತಲ್ಲ, ನಾಣ್ಯ ಹಾಕಿದರೆ ಕೆಂಪು ಹಸಿರು ದೀಪ ಮಿಣುಕಿಸಿ, ಬಣ್ಣದ ಚಕ್ರ ತಿರುಗಿಸಿ, ದಪ್ಪ ಚೀಟಿಯ ಮೇಲೆ ತೂಕ ಅಚ್ಚು ಹಾಕಿ ಉಗುಳುತ್ತಿತ್ತಲ್ಲ, ಅದೇ! ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಫಿಟ್ಟರ್ ಆಗಿದ್ದ ಕಾಕಾ ಅದನ್ನು ಗುಜರಿಯಿಂದ ಹೊತ್ತುತಂದು ಕೇಶ್ವಾಪುರದ ಮನೆಯಲ್ಲಿ ಆರು ತಿಂಗಳು ಬಿಚ್ಚಿ ಜೋಡಿಸಿದ್ದ. ಹೊಟ್ಟೆಯೊಳಗೆ ಕಂಪ್ಯೂಟರ್ ಇತ್ತು. ಎದೆಯ ಮೇಲೆ ನಿಲ್ದಾಣದ್ದೇ ಒಂದು ಧ್ವನಿವರ್ಧಕವಿತ್ತು, ಅದರೊಳಗೆ ನಿಲ್ದಾಣದ್ದೇ ಹೆಣ್ಣುದನಿ.

"ಇದು ದಾಂಪತ್ಯಮಾಪಕ!" ಎಂದು ಕಾಕಾ ಎದೆಯುಬ್ಬಿಸಿದ. "ಗಂಡ ಹೆಂಡತಿ ಇದರ ಮ್ಯಾಲ ನಿಂತ್ರ ಸಾಕು, ಅವರ ಸಂಬಂಧ ಖರೇನೋ ಸುಳ್ಳೋ ಪಟ್ ಅಂತ ಹೇಳ್ತೈತಿ! ನೀಲಾ, ಇನ್ನ ಆ ವೀಸಾದವರು ಏನ ಕೇಳ್ತಾರ ಕೇಳ್ಲಿ!"

ನೀಲಗಂಗಾ ನಗಲಿಲ್ಲ. ವೀಸಾ ಎಂಬ ಶಬ್ದ ಕಿವಿಗೆ ಬಿದ್ದರೇ ಅವಳ ಮೈ ಉರಿಯುತ್ತಿತ್ತು.

ಉರಿಯದೆ ಏನು? ತಂದೆ ತಾಯಿ ಇಲ್ಲದ ಅವಳನ್ನು ಸಾಕಿ ಓದಿಸಿದವರು ಈ ಕಾಕಾ, ಕಾಕು. ಫಿಸಿಯೊಥೆರಪಿ ಓದಿ ಅವಳು ಸ್ವಂತ ಕ್ಲಿನಿಕ್ ಇಟ್ಟಿದ್ದಳು. ಗದಗಿನ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಲು ಪರದೇಶದಿಂದ ಬಂದ ಯೋರ್ಗನ್ ಎಂಬ ಎಂಜಿನಿಯರ್ ಒಮ್ಮೆ ಸೊಂಟ ಹಿಡಿದುಕೊಂಡು ಅವಳ ಕ್ಲಿನಿಕ್ಕಿಗೆ ಬಂದ. ಸೊಂಟ ಹದಿನೈದು ದಿನದಲ್ಲಿ ಸರಿಹೋಯಿತು. ಆಮೇಲೂ ಅವನು ಎಂಟು ತಿಂಗಳು ಸೊಂಟನೋವೆಂದೇ ಬರುತ್ತಿದ್ದ! ಕೊನೆಗೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಇಬ್ಬರೂ ಸಹಿ ಹಾಕಿ ಗಂಡ ಹೆಂಡತಿಯಾದರು. ಕಂಪನಿ ಅವನನ್ನು ವಾಪಸು ಕರೆಸಿ ಸಮುದ್ರದ ಮಧ್ಯೆ ಗಾಳಿಯಂತ್ರ ನಿಲ್ಲಿಸಲು ಕಳಿಸಿತು. ಎರಡು ವರ್ಷ ದೇಶ ಬಿಟ್ಟು ಅಲ್ಲಾಡುವಂತಿಲ್ಲ. ಆ ದೇಶದ ಹೆಸರು ಇಲ್ಲಿ ಬೇಡ. ಅಲ್ಲಿ ನೀಲಗಂಗಾಳ ಕಡತ ಇನ್ನೂ ಯಾರದೋ ಮೇಜಿನ ಮೇಲಿದೆ.

ಅವಳೇ ಹೋಗಬೇಕೆಂದಾಗ ಏಜೆಂಟ್ ಹೇಳಿದ್ದ: "ಪ್ರವಾಸಿ ವೀಸಾ ಕೇಳಿದ್ರ, ಗಂಡ ಅಲ್ಲೇ ಅದಾನ, ಈಕಿ ತಿರುಗಿ ಬರೂದಿಲ್ಲ ಅಂತ ಕೊಡೂದಿಲ್ರಿ. ಮದುವಿ ನಿಶ್ಚಯ ಆದವರ ವೀಸಾ ಐತಿ, ಆದ್ರ ನಿಮ್ದು ಮದುವಿ ಆಗೇಬಿಟ್ಟೈತಿ. ಉಳದದ್ದು ದಂಪತಿ ವೀಸಾ. ಅದಕ್ಕ ನೀವು ಕೂಡಿ ಬಾಳೇವು ಮಾಡೀರಿ ಅಂತ ಪುರಾವೆ ಕೊಡಬೇಕ್ರಿ."

"ಕೂಡಿ ಬಾಳೇವು ಮಾಡಾಕ ಅಲ್ಲೇನ್ರೀ ವೀಸಾ ಕೇಳೂದು!" ಎಂದು ನೀಲಗಂಗಾ ಅವನ ಮೇಜು ಗುದ್ದಿ ಬಂದಿದ್ದಳು.

ಮೊದಲ ಅರ್ಜಿ ತಿರಸ್ಕಾರವಾಯಿತು: ಜೊತೆಗಿರುವ ಫೋಟೋಗಳು ಕಡಿಮೆ. ಎರಡನೆಯದಕ್ಕೆ ಇನ್ನೂರ ಹತ್ತು ಫೋಟೋ ಹಚ್ಚಿದಳು. ಅದೂ ತಿರಸ್ಕಾರವಾಯಿತು: ಫೋಟೋಗಳು ಹೆಚ್ಚಾಗಿದ್ದು, ಬೇಕೆಂದೇ ತೆಗೆಸಿದಂತಿವೆ! ಈಗ ಮೂರನೆಯ ಅರ್ಜಿ. ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ವಿಡಿಯೋ ಸಂದರ್ಶನ. ಇದೂ ಹೋದರೆ ಎರಡು ವರ್ಷ ಬಾಗಿಲು ಬಂದ್.

"ಆ ಎರಡೂ ಪತ್ರ, ಅವರ ಕಾಯ್ದೆ, ನಿಮ್ಮಿಬ್ಬರ ಮೊಬೈಲಿನ ಮಾತುಕತಿ, ಎಲ್ಲಾ ಇದಕ್ಕ ಓದಿಸೇನಿ," ಎಂದ ಕಾಕಾ. "ಈಗ ಇದು ಥೇಟ್ ಆ ಅಧಿಕಾರಿ ಹಂಗ ವಿಚಾರ ಮಾಡ್ತೈತಿ. ಮೊದಲ ನಾವಿಬ್ಬರೂ ನಿಂತು ತೋರಸ್ತೀವಿ. ಏ ಇಕಿ, ಬಾ ಇಲ್ಲೆ!"

ಕಾಳವ್ವ ಕಾಕು ಕೈಯೊರೆಸಿಕೊಳ್ಳುತ್ತ ಬಂದು ಯಂತ್ರದ ಮೇಲೆ ಗಂಡನ ಪಕ್ಕ ನಿಂತಳು. ಚಕ್ರ ತಿರುಗಿತು. ಟಿಂಗ್-ಟಾಂಗ್!

"ಪ್ರಯಾಣಿಕರ ಗಮನಕ್ಕೆ! ಈರಪ್ಪ ಅವರೇ, ನಿಮ್ಮ ಪತ್ನಿಯ ಹಲ್ಲುಜ್ಜುವ ಬ್ರಶ್ಶಿನ ಬಣ್ಣ ಯಾವುದು?"

"ಹಸರ," ಎಂದ ಕಾಕಾ ಧೈರ್ಯವಾಗಿ.

"ನಾ ಬ್ರಶ್ಶಲೆ ಎಂದಾರ ತಿಕ್ಕೇನೇನು? ಮೂವತ್ತೆಂಟು ವರ್ಷ ಆತು, ಬೆರಳಲೆ ತಿಕ್ಕತೀನಿ!" ಎಂದು ಕಾಕು ಕಣ್ಣರಳಿಸಿದಳು.

"ನಿಮ್ಮ ಪತ್ನಿಗೆ ಇಷ್ಟವಾದ ಪಲ್ಯ ಯಾವುದು?"

"ಬದನಿಕಾಯಿ!"

"ಅದು ನಿಮಗ ಇಷ್ಟ! ನನಗ ಅದನ್ನ ತಿಂದ್ರ ಮೈ ಕಡೀತೈತಿ!"

ಖಟ್! ಚೀಟಿ ಹೊರಬಿತ್ತು. ಯಂತ್ರ ಮೂರು ಓಣಿಗೆ ಕೇಳುವಂತೆ ಸಾರಿತು: "ಈರಪ್ಪ ಮತ್ತು ಕಾಳವ್ವ ಇವರ ಸಂಬಂಧ ಸಾಬೀತಾಗಿಲ್ಲ! ಪತಿಯು ಹದಿನಾಲ್ಕು ದಿನಗಳೊಳಗೆ ಮನೆಯನ್ನು ತೊರೆಯತಕ್ಕದ್ದು! ಉಂಟಾದ ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ!"

ಕಾಕು ಚೀಟಿ ಕಿತ್ತುಕೊಂಡು ಎರಡು ಸಲ ಓದಿದಳು. "ಹದಿನಾಕ ದಿನ ಯಾಕ? ಇವತ್ತ ಹೊಂಡ್ರಿ!" ಎಂದವಳೇ ಅಡುಗೆಮನೆಗೆ ಹೋಗಿ ಚಿಲಕ ಹಾಕಿದಳು. ಕಾಕಾನಿಗೆ ಆ ಮಧ್ಯಾಹ್ನ ಚುರಮುರಿಯೇ ಗತಿಯಾಯಿತು.

ಸಂಜೆಯ ಹೊತ್ತಿಗೆ ಓಣಿಗೆ ಓಣಿಯೇ ಅಂಗಳದಲ್ಲಿ ಸೇರಿತ್ತು. ಪುಕ್ಕಟೆ ತೂಕ ಎಂದರೆ ಯಾರು ಬಿಡುತ್ತಾರೆ? ಹೊಸದಾಗಿ ಮದುವೆಯಾದವರು ನಿಂತರು, ಫೇಲ್. ಐವತ್ತು ವರ್ಷ ಬಾಳಿದವರು ಕೋಲೂರಿಕೊಂಡು ನಿಂತರು, ಫೇಲ್! ಅಜ್ಜ ಅಜ್ಜಿಯ ಹುಟ್ಟಿದ ದಿನ ಹೇಳಲಿಲ್ಲವಂತೆ. ಅಜ್ಜಿಗೇ ಅದು ಗೊತ್ತಿಲ್ಲ, ಅಜ್ಜ ಪಾಪ ಏನು ಮಾಡಬೇಕು? ಕತ್ತಲಾಗುವಷ್ಟರಲ್ಲಿ ಒಂಬತ್ತು ಮನೆಗಳಲ್ಲಿ ಮಾತು ನಿಂತಿತ್ತು.

ಪಾಸಾದದ್ದು ಒಂದೇ ಜೋಡಿ. ಮುಳಗುಂದ ಮಾಸ್ತರರಿಗೂ ಪಕ್ಕದ ಮನೆಯ ಕುಂದಗೋಳ ಸಾವಕಾರರಿಗೂ ನಡುಗೋಡೆಯ ವಿಷಯವಾಗಿ ಹತ್ತೊಂಬತ್ತು ವರ್ಷಗಳಿಂದ ಕೋರ್ಟಿನಲ್ಲಿ ವ್ಯಾಜ್ಯ. ಯಾರು ಮೊದಲು ತೂಗಿಸಿಕೊಳ್ಳಬೇಕೆಂದು ಜಗಳವಾಡುತ್ತ ಇಬ್ಬರೂ ಒಟ್ಟಿಗೇ ಯಂತ್ರ ಹತ್ತಿಬಿಟ್ಟರು!

"ಪ್ರಯಾಣಿಕರ ಗಮನಕ್ಕೆ! ಇವರು ಬೆಳಗ್ಗೆ ಎಷ್ಟು ಗಂಟೆಗೆ ಏಳುತ್ತಾರೆ?"

"ಐದೂ ಕಾಲಿಗೆ!" ಎಂದು ಮಾಸ್ತರರು ಹಲ್ಲು ಕಡಿದರು. "ಎದ್ದಾಂವನ ನನ್ನ ಗ್ವಾಡಿಗೆ ಉಗಳತಾನ!"

"ಇವರ ಬ್ರಶ್ಶಿನ ಬಣ್ಣ?"

"ನೀಲಿ! ಕೂದಲಾ ಉದರೇತಿ, ಆದ್ರೂ ಒಗ್ಯೂದಿಲ್ಲ, ಜಿಪುಣ!" ಎಂದರು ಸಾವಕಾರರು.

ಒಬ್ಬರ ರಕ್ತದೊತ್ತಡದ ಗುಳಿಗೆ ಇನ್ನೊಬ್ಬರಿಗೆ ಗೊತ್ತು. ಒಬ್ಬರ ಮಗಳು ಪತ್ರದಲ್ಲಿ ಬರೆದದ್ದು ಇನ್ನೊಬ್ಬರಿಗೆ ಗೊತ್ತು! ಯಂತ್ರದ ದೀಪಗಳೆಲ್ಲ ಒಮ್ಮೆಲೇ ಹೊತ್ತಿಕೊಂಡವು.

"ಇವರ ಸಂಬಂಧ ಸಂಪೂರ್ಣ ನೈಜ! ದಂಪತಿ ವೀಸಾ ಮಂಜೂರು! ನಿಮ್ಮ ಪ್ರಯಾಣ ಸುಖಕರವಾಗಿರಲಿ!"

ಮಾಸ್ತರರು ಯಂತ್ರಕ್ಕೆ ಹೊಡೆಯಲು ಚಪ್ಪಲಿ ತೆಗೆದುಕೊಂಡರು. ಸಾವಕಾರರು ಯಂತ್ರದ ಮೇಲೆ ಮಾನನಷ್ಟದ ಕೇಸು ಹಾಕುತ್ತೇನೆಂದರು. ಇಷ್ಟು ವರ್ಷಗಳಲ್ಲಿ ಇಬ್ಬರೂ ಒಂದೇ ಪಕ್ಷವಾದದ್ದು ಅಂದೇ.

"ಕಾಕಾ, ಇದನ್ನ ಬಂದ್ ಮಾಡು," ಎಂದಳು ನೀಲಗಂಗಾ. "ಗುರುವಾರ ಇದರ ಸಹವಾಸ ನನಗ ಬ್ಯಾಡ."

"ಹುಚ್ಚಿ! ಇದು ಅಷ್ಟು ಕಟ್ಟುನಿಟ್ಟು ಇರೂದಕ್ಕ ನಿನಗ ಉಪಯೋಗ. ನಾ ತುಂಬೇನಿ ಅಂದಿದ್ನಲ್ಲ, ಆ ಅರವತ್ತೊಂದು ಪುಟದ ಅರ್ಜಿ ಇದ ತುಂಬಿ, ಕೆಳಗ ತನ್ನ ಹೆಸರೂ ಬರದು ಕಳಿಸೈತಿ. ನಿನ್ನ ಕಿವ್ಯಾಗ ಸಣ್ಣ ವಾಯರ್ ಇಡ್ತೀನಿ, ಮರತದ್ದು ಮೆಲ್ಲಕ ಹೇಳ್ತೈತಿ."

ಅವಳು ಒಪ್ಪಬಾರದಿತ್ತು. ಆದರೆ ಹಿಂದಿನ ದಿನ ಯೋರ್ಗನ್ ಫೋನಿನಲ್ಲಿ, "ಭಯ ಬ್ಯಾಡ್ರೀ ನೀಲಾ, ಆರಾಮ ಹೇಳ್ರೀ," ಎಂದು ಗದಗಿನಲ್ಲಿ ಕಲಿತ ಕನ್ನಡದಲ್ಲಿ ಧೈರ್ಯ ಹೇಳಲು ಹೋಗಿ ಮಾತು ಅರ್ಧಕ್ಕೇ ಬಿಟ್ಟು ಫೋನ್ ಇಟ್ಟಿದ್ದ. ಅದನ್ನು ಕೇಳಿದ ಮೇಲೆ ಅವಳಿಗೆ ಯಾವ ಆಸರೆಯನ್ನೂ ಬಿಡುವ ಧೈರ್ಯ ಉಳಿಯಲಿಲ್ಲ.

ಗುರುವಾರ ಹನ್ನೊಂದಕ್ಕೆ ಪರದೆಯ ಮೇಲೆ ಅಧಿಕಾರಿ ಬಂದ. ತಲೆ ಎತ್ತದೆ, ಟೈಪು ಮಾಡುತ್ತಲೇ ಇಂಗ್ಲಿಷಿನಲ್ಲಿ ಕೇಳಿದ: "ನಿಮ್ಮ ಪತಿಯ ಮನೆಯ ಕಿಟಕಿ ಪರದೆಗಳ ಬಣ್ಣ?"

ಆ ಮನೆಗೆ ಹೋಗಲು ಬಿಡದವನೇ ಆ ಮನೆಯ ಪರದೆಯ ಬಣ್ಣ ಕೇಳುತ್ತಾನಲ್ಲ! ನೀಲಗಂಗಾ ಸಿಟ್ಟಿನಿಂದ ತಲೆ ಕೊಡವಿದಳು. ಕಿವಿಯ ವಾಯರ್ ಕಿತ್ತುಬಂತು. ಪಡಸಾಲೆಯಲ್ಲಿ ಟಿಂಗ್-ಟಾಂಗ್ ಮೊಳಗಿತು.

"ಬೂದು ಬಣ್ಣ! ಎಡಗಡೆಯದು ಹರಿದಿದೆ!" ಎಂದಿತು ಯಂತ್ರ, ಮೊದಲು ಕನ್ನಡದಲ್ಲಿ, ಆಮೇಲೆ ಹಿಂದಿಯಲ್ಲಿ, ಆಮೇಲೆ ಸ್ವಚ್ಛ ಇಂಗ್ಲಿಷಿನಲ್ಲಿ.

ಅಧಿಕಾರಿ ತಲೆಯೆತ್ತಲಿಲ್ಲ. "ಪತಿಯ ತಾಯಿಯ ತಂಗಿಯ ಹೆಸರು? ಮೊದಲ ಸಂದೇಶ ಕಳಿಸಿದ ದಿನಾಂಕ? ಪತಿಯ ಬೂಟಿನ ಅಳತೆ?"

ಅವಳು ಒಂದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಯಂತ್ರ ಮೂರಕ್ಕೂ ಮೂರೂ ಭಾಷೆಯಲ್ಲಿ ಉತ್ತರ ಕೊಟ್ಟಾಗಿತ್ತು! ಕಾಕಾ ಹೊಟ್ಟೆಯ ಮೇಲೆ ತೆವಳುತ್ತ ಹೋಗಿ ಪ್ಲಗ್ಗು ಕಿತ್ತ. ಯಂತ್ರಕ್ಕೆ ತಾನೇ ಬ್ಯಾಟರಿ ಹಾಕಿದ್ದು ಅವನಿಗೆ ಮರೆತುಹೋಗಿತ್ತು.

"ಕೊನೆಯದಾಗಿ," ಎಂದ ಅಧಿಕಾರಿ, "ಈ ಸಂಬಂಧ ನಿಜವೆಂದು ನಾವು ಯಾಕೆ ನಂಬಬೇಕು?"

ನೀಲಗಂಗಾ ಎದ್ದು ನಿಂತಳು. ಇಂಗ್ಲಿಷು ಎಲ್ಲಿ ಹೋಯಿತೋ ಏನೋ, ಬಾಯಲ್ಲಿ ಬಂದದ್ದು ಹುಬ್ಬಳ್ಳಿಯೇ.

"ಯಾಕ ನಂಬಬೇಕಾ? ನನ್ನ ಗಂಡ ಅಂತ ಹೇಳಾಕ ನಿಮ್ಮ ಅಪ್ಪಣಿ ಯಾಕ ಬೇಕ್ರೀ? ಫೋಟೋ ಕಡಿಮಿ ಅಂದ್ರಿ, ತಂದ ಕೊಟ್ಟೆ. ಹೆಚ್ಚಾತು ಅಂದ್ರಿ! ಹದಿನೇಳು ತಿಂಗಳಾತು, ಅಂವ ಉಣ್ಣೂ ಹೊತ್ತಿಗೆ ನಾ ಫೋನ್ ಹಿಡಕೊಂಡು ಉಣ್ತೀನಿ. ಅವನ ಜ್ವರಾ ನಾ ಪರದೆಯೊಳಗ ನೋಡೇನಿ, ಹಣಿ ಮುಟ್ಟಾಕ ಆಗಿಲ್ಲ! ಅದಕ್ಕ ಪುರಾವೆ ಎಲ್ಲಿಂದ ತರ್ಲಿ? ನಿಮ್ಮ ಮನ್ಯಾಗ ಯಾರೂ ಇಲ್ಲೇನು?"

ಅಡುಗೆಮನೆಯ ಬಾಗಿಲಲ್ಲಿ ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಧಿಕಾರಿ ಮೊದಲ ಸಲ ತಲೆಯೆತ್ತಿದ. "ಇವರು ಏನು ಹೇಳಿದರು?"

ಟಿಂಗ್-ಟಾಂಗ್! "ಉಂಟಾದ ಅನಾನುಕೂಲಕ್ಕಾಗಿ ಅರ್ಜಿದಾರರು ವಿಷಾದಿಸುತ್ತಾರೆ!" ಎಂದಿತು ಯಂತ್ರ, ಇಂಗ್ಲಿಷಿನಲ್ಲಿ.

ಪರದೆ ಕಪ್ಪಾಯಿತು. ನೀಲಗಂಗಾ ಕಾಕಾನ ಜೊತೆ ಒಂಬತ್ತು ದಿನ ಮಾತಾಡಲಿಲ್ಲ. ಹತ್ತನೆಯ ದಿನ ಪತ್ರ ಬಂತು. ಅವಳು ಅದನ್ನು ನಿಂತಲ್ಲೇ ಗಟ್ಟಿಯಾಗಿ ಓದಿದಳು.

"ಅರ್ಜಿದಾರರಾದ ನೀಲಗಂಗಾ ಅವರಿಗೆ ಪತಿಯ ಬಗ್ಗೆ ತಿಳಿವಳಿಕೆ ಸಾಲದು. ಅರ್ಜಿಯನ್ನು ತಿರಸ್ಕರಿಸಲಾಗಿದೆ. ಆದರೆ ಅರ್ಜಿಯನ್ನು ತುಂಬಿದ, ಸಂದರ್ಶನದಲ್ಲಿ ಹಾಜರಿದ್ದ ಎರಡನೆಯ ಮಹಿಳೆ ಶ್ರೀಮತಿ ದಾಂಪತ್ಯಮಾಪಕ ಬಡಿಗೇರ ಅವರು ಎಲ್ಲ ಪ್ರಶ್ನೆಗಳಿಗೂ ಸರಿಯಾದ ಉತ್ತರ ನೀಡಿ, ಸಭ್ಯತೆಯಿಂದ ವರ್ತಿಸಿರುತ್ತಾರೆ. ಯೋರ್ಗನ್ ಅವರೊಂದಿಗೆ ಇವರ ಸಂಬಂಧ ನಿಸ್ಸಂದೇಹವಾಗಿ ನೈಜ. ಇವರಿಗೆ ಐದು ವರ್ಷಗಳ ದಂಪತಿ ವೀಸಾ ಮಂಜೂರು ಮಾಡಲಾಗಿದೆ."

"ಅಯ್ಯ ಶಿವನ! ತೂಕದ ಡಬ್ಬಿ ಸವತಿಯಾತಲ್ಲ!" ಎಂದಳು ಕಾಕು.

"ಅಂದ್ರ ಪಾಸಾತು!" ಎಂದು ಕಾಕಾ ಕುಣಿದ. ನೀಲಗಂಗಾಳ ಮುಖ ಕಂಡು ಕುಣಿತ ಅರ್ಧಕ್ಕೇ ನಿಲ್ಲಿಸಿದ.

ಸುದ್ದಿ ತಿಳಿದು ಯೋರ್ಗನ್ ಅಲ್ಲಿಯ ಕಚೇರಿಗೆ ಓಡಿದ. ಅಲ್ಲಿ ಅವನಿಗೇ ಬೈಗುಳ ಬಿತ್ತು: ಇಬ್ಬರು ಹೆಂಡಂದಿರನ್ನು ಕಟ್ಟಿಕೊಂಡು ಒಬ್ಬಳನ್ನು ಮುಚ್ಚಿಡುವುದು ಈ ದೇಶದಲ್ಲಿ ನಡೆಯುವುದಿಲ್ಲ! ಎರಡನೆಯವಳು ಕಬ್ಬಿಣದ ಯಂತ್ರ, ತೂಕ ನೂರ ನಲವತ್ತು ಕಿಲೋ ಎಂದು ಅವನು ಫೋಟೋ ತೋರಿಸಿದ. ಗುಮಾಸ್ತೆ ಕನ್ನಡಕ ಸರಿಮಾಡಿಕೊಂಡು ಬೇರೊಂದು ಪುಸ್ತಕ ತೆಗೆದಳು. ಯಂತ್ರವೇ? ಹಾಗಾದರೆ ವೀಸಾ ಬೇಡ, ಸರಕು ಎಂದು ಬರಲಿ. ಆದರೆ ಅಷ್ಟು ಭಾರದ ಪರದೇಶಿ ಯಂತ್ರದ ಜೊತೆ ಅದನ್ನು ಬಲ್ಲ ಕೆಲಸಗಾರರೊಬ್ಬರು ಬರುವುದು ಕಡ್ಡಾಯ. ಕೆಲಸಗಾರರ ವೀಸಾ ಮೂರು ದಿನದಲ್ಲಿ ಸಿಗುತ್ತದೆ. ಪ್ರಶ್ನೆ ಒಂದೇ: ಎಣ್ಣೆ ಹಚ್ಚಲು ಬರುತ್ತದೆಯೇ?

"ನಾ ಒಲ್ಲೆ!" ಎಂದಳು ನೀಲಗಂಗಾ ಫೋನಿನಲ್ಲಿ. "ಹೆಂಡತಿ ಅಂತ ಕರದ್ರ ಬರ್ತೀನಿ. ಆ ಡಬ್ಬಿಯ ಆಳಾಗಿ ಬರಾಕ ನನಗ ಮಾನಾ ಇಲ್ಲೇನು?"

ಆ ಕಡೆ ಯೋರ್ಗನ್‌ನ ಹಿಂದೆ ಸಮುದ್ರದ ಗಾಳಿ ಬೊಬ್ಬೆಯಿಡುತ್ತಿತ್ತು. "ಸಿಟ್ಟು ಇರ್ಲಿ ನೀಲಾ," ಎಂದ ಅವನು. "ಸಿಟ್ಟು ತಗೊಂಡ ಬಾ. ಇಬ್ರೂ ಕೂಡಿ ಇಲ್ಲೇ ಜಗಳ ಮಾಡೂಣ."

ಅವಳು ಮೂಗೊರೆಸಿಕೊಂಡು, "ಕಾಕಾ, ಎಣ್ಣಿ ಡಬ್ಬಿ ಎಲ್ಲೈತಿ?" ಎಂದು ಕೇಳಿದಳು.

ವೀಸಾ ಮೂರಲ್ಲ, ಎರಡೇ ದಿನದಲ್ಲಿ ಬಂತು. ಹೊರಡುವ ದಿನ ಬೆಳಗ್ಗೆ ಕಾಕಾ ಆ ಕಾಗದವನ್ನು ಪಡಸಾಲೆಯಲ್ಲಿ ಎಲ್ಲರಿಗೂ ಓದಿ ಹೇಳಿದ: "ಹುದ್ದೆ, ಯಂತ್ರದ ಆರೈಕೆ. ಕೆಲಸ, ಒರೆಸುವುದು, ಎಣ್ಣೆ ಹಚ್ಚುವುದು, ಕೆಟ್ಟರೆ ಸರಿಪಡಿಸುವುದು. ದಿನಕ್ಕೆ ಏಳು ತಾಸು. ವಾರಕ್ಕೆ ಎರಡು ದಿನ ರಜೆ."

"ನೋಡ್ರಿ ಈ ಮಂದಿ!" ಎಂದು ನೀಲಗಂಗಾ ಮತ್ತೆ ಉರಿದೆದ್ದಳು. "ಹೆಂಡತಿ ಅಂತ ಒಂದ ಶಬ್ದ ಬರದಿಲ್ಲ!"

ಕಾಳವ್ವ ಕಾಕು ಬುತ್ತಿಯ ಗಂಟು ಬಿಗಿಯುತ್ತ ಹೇಳಿದಳು: "ಬರದಿಲ್ಲ, ಪುಣ್ಯಾ ಅಂತ ಸುಮ್ನಿರ ಹುಡುಗಿ. ಹೆಂಡತಿ ಅಂತ ಬರದಿದ್ರ ಆ ಎರಡು ದಿನ ರಜಾ ಎಲ್ಲಿ ಸಿಗ್ತಿತ್ತು?"