ಬೀರಪ್ಪನ ದಿಬ್ಬದ ಟವರ್

ಸಿಗ್ನಲ್ ಇಲ್ಲದ ಊರಿನಲ್ಲಿ ನಗೆಗೆ ಬರಗಾಲವಿಲ್ಲ. ನಕ್ಕ ಮೇಲೂ ಎದೆ ಹೊಡೆದುಕೊಳ್ಳುತ್ತಲೇ ಇರುತ್ತದೆ, ಅಷ್ಟೇ. ಹುನಗುಂದದ ಹತ್ತಿರದ ನಮ್ಮೂರಿನಲ್ಲಿ ಇಂಥ ಪ್ರಸಂಗಗಳು ದಿನಾ ನಡೆಯುತ್ತವೆ. ಈ ಸಲವಂತೂ ಮಗಳಿಗೆ ದಿನ ತುಂಬಿದ್ದವು. ಚೊಚ್ಚಲ ಹೆರಿಗೆ, ಮೇಲೆ ಬಿಪಿ ಜಾಸ್ತಿ. ನೋವು ಬಂದಾಗ ಆಂಬುಲೆನ್ಸಿಗೆ ಫೋನು ಹತ್ತದಿದ್ದರೆ ಏನು ಗತಿ ಎಂದು, ಮುಂಚೆಯೇ ಹೆಂಡತಿಯ ಜೊತೆ ಮಗಳನ್ನು ಬಾಗಲಕೋಟೆಯ ದವಾಖಾನೆಗೆ ಸೇರಿಸಿದೆ. ಎಮ್ಮೆ ಇದ್ದುದರಿಂದ ನಾನು ಊರಲ್ಲಿ ಉಳಿಯಬೇಕಾಯಿತು. ಫೋನಿಗೆ ಕಾಯುವುದೇ ನನ್ನ ಕಸುಬಾಯಿತು.

೧. ಹಸಿರು ಊರು

ಅವರನ್ನು ಬಿಟ್ಟ ದಿನವೇ ಬಾಗಲಕೋಟೆಯ ನವನಗರದ ಮೊಬೈಲ್ ಕಂಪನಿ ಅಂಗಡಿಗೆ ನುಗ್ಗಿ ಕೂಗಾಡಿದೆ. ರೊಕ್ಕ ಪೂರ್ತಿ ತಗೊಂಡು ಸಿಗ್ನಲ್ ಕೊಡದೆ ಇರುವುದು ಕಳ್ಳತನ, ಅದಕ್ಕೆ ಬೇರೆ ಹೆಸರಿಲ್ಲ. ಟೈ ಕಟ್ಟಿದವನೊಬ್ಬ ಸಾವಕಾಶ ಕಂಪ್ಯೂಟರ್ ತಿರುಗಿಸಿ ನಕಾಶೆ ತೋರಿಸಿದ. ನಮ್ಮೂರ ಮೇಲೆ ಹಸಿರು ಬಳಿದಿತ್ತು.

“ನೋಡ್ರಿ, ನಿಮ್ಮೂರಾಗ ಫುಲ್ ಸಿಗ್ನಲ್ ಐತಿ.”

“ಹಂಗಾರ ನಾ ಈ ನಕಾಶಿಯೊಳಗ ಬಂದು ಕುಂತು ಮಾತಾಡ್ಲೇನ್ರಿ?”

ದೂರು ಬರೆದುಕೊಂಡ. ನಾನು ಬಾಗಿಲು ದಾಟುವಷ್ಟರಲ್ಲಿ ಮೆಸೇಜು ಬಂತು: ನಿಮ್ಮ ದೂರು ಬಗೆಹರಿದಿದೆ.

ತಿರುಗಿ ಹೋದೆ. “ಯಾವಾಗ ಬಗಿಹರಿಸಿದ್ರಿ?”

“ಮೆಸೇಜ್ ಬಂತಲ್ರಿ ನಿಮಗ?”

“ಬಂತು.”

“ಮತ್ತ? ಸಿಗ್ನಲ್ ಇಲ್ದ ಬರತೈತೇನ್ರಿ?”

೨. ಎಲ್ಲರ ಮನೆದೇವರು

ಎಮ್ಮೆಗೆ ಹಿಂಡಿ ತರಲು ಇಳಕಲ್ಲಿಗೆ ಹೋದವನು ನೇಕಾರ ಗೆಳೆಯನ ಮನೆ ಹೊಕ್ಕೆ. ಅವನಲ್ಲಿ ವೈಫೈ ಇದೆ. ಪಾಸ್‌ವರ್ಡು ಬನಶಂಕರಿ, ಮುಂದೆ ಒಂದು ಎರಡು ಮೂರು. ವಿಡಿಯೊದಲ್ಲಿ ಮಗಳ ಮುಖ ಬಂತು.

“ಅಪ್ಪಾ, ಡಾಕ್ಟರ್ ಏನ್ ಹೇಳ್ಯಾರಂದ್ರ...”

ಅಷ್ಟೇ. ತೆರೆದ ಬಾಯಿ ತೆರೆದಂತೆಯೇ ಮುಖ ನಿಂತುಬಿಟ್ಟಿತು. ಡಾಕ್ಟರ್ ಏನು ಹೇಳಿದರು? ತಿರುಗಿ ಹಚ್ಚಿದೆ, ಹತ್ತಲಿಲ್ಲ. ಹೊರಗೆ ಬಂದು ನೋಡಿದರೆ ಓಣಿಯ ಅರ್ಧ ಮಂದಿ ಅವನ ಕಟ್ಟೆಗೆ ಆತು ಕುಂತು ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಅವನ ವೈಫೈಯಲ್ಲೇ! ಒಳಗೆ ಬಂದು ಗೆಳೆಯನನ್ನು ಹಿಡಿದೆ.

“ಇವರಿಗೆಲ್ಲಾ ಪಾಸ್‌ವರ್ಡ್ ಯಾರ್ ಕೊಟ್ರಲೇ?”

“ಕೊಡೋದೇನ್ ಬಂತು? ಓಣ್ಯಾಗ ಎಲ್ಲಾರ ಮನಿದೇವ್ರೂ ಬನಶಂಕರಿನ.”

“ನಿನ್ನ ಬ್ಯಾಂಕು, ನಿನ್ನ ಗಿರಾಕಿ, ಎಲ್ಲಾ ಇದರಾಗ ಅದಾವು. ಕಳ್ಳಗ ಬಾಗಿಲಾ ತಗದು ಕುಂತೀಯಲ್ಲ! ಈಗಿಂದೀಗ ಬದಲ್ ಮಾಡು!”

ಮಗ್ಗದಿಂದ ಕೈ ತೆಗೆದು ನನ್ನನ್ನು ದಿಟ್ಟಿಸಿದ. “ವೈಫೈ ಸಲುವಾಗಿ ಮನಿದೇವ್ರನ್ನ ಬದಲ್ ಮಾಡಂತೀ?”

೩. ಒದರುವ ಓಟಿಪಿ

ನಮ್ಮೂರಲ್ಲಿ ಸಿಗ್ನಲ್ ಸಿಗುವುದು ಬೀರಪ್ಪನ ಗುಡಿಯ ದಿಬ್ಬದ ಮೇಲೆ ಮಾತ್ರ. ಅಲ್ಲಿ ನನ್ನ ಸೋದರಮಾವ ಕುರಿ ಮೇಯಿಸುತ್ತಾನೆ. ಅವನ ಬಟನ್ ಫೋನೇ ಊರಿನ ಟವರ್. ಕೆಳಗೆ ಪಂಚಾಯ್ತಿಯಲ್ಲಿ ಅರ್ಜಿ ತುಂಬುವವರು ತಮ್ಮ ಫೋನನ್ನು ಅವನ ಕೈಗೆ ಕೊಟ್ಟಿರುತ್ತಾರೆ. ಓಟಿಪಿ ಬಂದೊಡನೆ ಅವನು ಅಂಕಿಗಳನ್ನು ಒಂದೊಂದಾಗಿ ಒದರುತ್ತಾನೆ. ಊರೆಲ್ಲ ಕೇಳಿಸಿಕೊಳ್ಳುತ್ತದೆ, ನಾಯಿಗಳೂ ಸೇರಿ.

ಮಗಳ ಸುದ್ದಿ ಕೇಳಲು ನಾನು ದಿಬ್ಬ ಹತ್ತಿದಾಗ ಮಾವ ಯಾರೊಂದಿಗೋ ಮಾತಾಡುತ್ತಿದ್ದ. ಕಿವಿಗೊಟ್ಟರೆ, ಬ್ಯಾಂಕಿನವನು ಎಂದು ಹೇಳಿಕೊಳ್ಳುವ ಕಳ್ಳ, ಓಟಿಪಿ ಕೇಳುತ್ತಿದ್ದಾನೆ! ಮಾವ ಬಲು ನಯವಾಗಿ ಕೇಳಿದ:

“ಯಾರ್ದು ಬೇಕ್ರಿ ನಿಮಗ? ನನ್ನ ಹಂತ್ಯಾಕ ಐದಾರು ಅದಾವು.”

ಫೋನು ಕಸಿದು ಕಟ್ ಮಾಡಿ, ಮಾವನಿಗೆ ಬಾಯಿಗೆ ಬಂದಂತೆ ಬೈದೆ. “ಇನ್ನೊಬ್ರ ಫೋನಿನ ಮಾತು ಒದರಬ್ಯಾಡ. ಸ್ವತಃ ಬೀರಪ್ಪನ ಬಂದು ಕೇಳಿದ್ರೂ ಮೊದಲ ಹೆಸರು ಕೇಳು, ತಾಯಿ ಹೆಸರು ಕೇಳು. ಖಾತ್ರಿ ಆದ ಮ್ಯಾಲೆ ಬಾಯಿ ಬಿಡು.” ಮಗಳಿಗೆ ಫೋನು ಹಚ್ಚಿ, ಹೆರಿಗೆ ಇಂದು ನಾಳೆಯೊಳಗೆ ಎಂಬ ಡಾಕ್ಟರ ಮಾತು ಕೇಳಿಕೊಂಡೆ. ಮಾವನಿಗೆ ಗುಡಿಯ ಅರಿಸಿನದ ಭಂಡಾರ ಮುಟ್ಟಿಸಿ ಆಣೆ ಹಾಕಿಸಿಯೇ ಕೆಳಗಿಳಿದೆ. ಭದ್ರತೆ ಅಂದರೆ ಹೀಗಿರಬೇಕು!

೪. ಖಾತ್ರಿ

ಮರುದಿನ ಮುಂಜಾನೆ ಎಮ್ಮೆ ಹಿಂಡುತ್ತಿದ್ದೆ. ದಿಬ್ಬದಿಂದ ಮಾವನ ದನಿ ಬಂತು.

“ಬಾಗಲಕೋಟಿಯಿಂದ ನಿನ್ನ ಹೇಣ್ತಿ ಫೋನ್ ಮಾಡಿದ್ಲೋ!”

“ಏನಂದ್ಲು ಮಾವಾ?”

“ಅದು ಗುಟ್ಟು!”

ಹಾಲಿನ ತಂಬಿಗೆ ಹಿಡಿದುಕೊಂಡೇ ಓಡಿದೆ. ಅರ್ಧ ಹಾಲು ದಾರಿಗೆ ಹೋಯಿತು. ಗುಟ್ಟು ಅಂದನೆಂದರೆ ಕೆಟ್ಟದ್ದೇ ಇರಬೇಕು. ಏದುಸಿರು ಬಿಡುತ್ತ ಗುಡಿಯ ಮೆಟ್ಟಿಲಿಗೆ ಬಂದರೆ ಮಾವ ಕೋಲು ಅಡ್ಡ ಹಿಡಿದ. ಫೋನಿನೊಳಗಿನ ಹೆಂಗಸಿನ ಹಾಗೆ ರಾಗ ಎಳೆದು ಕೇಳಿದ:

“ದಯವಿಟ್ಟು ನಿಮ್ಮ ಹೆಸರು ತಿಳಿಸಿ.”

“ಮಾವಾ, ನನ್ನ ಜೀವಾ ಹೊಂಟೈತಿ!”

“ಹೆಸರು.”

ಹೇಳಿದೆ.

“ತಾಯಿಯ ಹೆಸರು?”

“ನಿನ್ನ ಒಡಹುಟ್ಟಿದ ಅಕ್ಕನ ಹೆಸರು ನನಗ ಕೇಳ್ತೀಯಾ?”

“ಭಂಡಾರ ಮುಟ್ಟೇನಿ ಅಳಿಯಾ. ನಾ ಏನ್ ಮಾಡ್ಲಿ?”

ಅಳುತ್ತಲೇ ಅವ್ವನ ಹೆಸರು ಹೇಳಿದೆ. ಮಾವ ಕಣ್ಣು ಮುಚ್ಚಿ, ಅಕ್ಕನ ಹೆಸರನ್ನು ತಾನೂ ಒಮ್ಮೆ ನೆನಪು ಮಾಡಿಕೊಂಡು ತಲೆಯಾಡಿಸಿದ.

“ಸರಿ ಐತಿ.”

ಆಮೇಲೆ ಬಾಯಿ ತೆರೆದ. ಜೀವಮಾನವೆಲ್ಲ ಕುರಿ ಕರೆದವನಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ.

“ಹೆಣ್ಣು ಹುಟ್ಟೈತಿ! ತಾಯಿ, ಕೂಸು ಇಬ್ರೂ ಆರಾಮ ಅದಾರ!”

ಕೆಳಗೆ ಊರಿನ ಬಾಗಿಲುಗಳೆಲ್ಲ ತೆರೆದವು. ಮಂದಿ ಕೇಕೆ ಹಾಕಿದರು. ನಾನು ತಂಬಿಗೆಯಲ್ಲಿ ಉಳಿದ ಹಾಲನ್ನು ಬೀರಪ್ಪನ ಹೊಸ್ತಿಲಿಗೆ ಎರೆದೆ. ಮಾವನಿಗೆ ಆಗ ಆಣೆ ನೆನಪಾಯಿತು. ಊರಿನ ಕಡೆ ತಿರುಗಿ, ಬಾಯಿಗೆ ಎರಡೂ ಕೈ ಹಿಡಿದು, ಮೊದಲಿಗಿಂತ ಜೋರಾಗಿ ಒದರಿದ:

“ಇದನ್ನ ಯಾರಿಗೂ ಹೇಳಬ್ಯಾಡ್ರೋ!”